ಸೇರು ತೌಡಿಗೆ ಕೊಟ್ಟ ಕೂಸು

ಬೋಳಗುಡ್ಡದ ಹುಲಿಗವ್ವನ ಮುತ್ತಜ್ಜ ಬರಮಪ್ಪ. ಬೀಸುವ ಕಲ್ಲು ಕಟೆಯುವುದರಲ್ಲಿ ಕುಷ್ಟಗಿಯಿಂದ ಯಲಬುರ್ಗಾದವರೆಗೆ ಅವನನ್ನು ಸರಿಗಟ್ಟುವವರು ಇರಲಿಲ್ಲ. ನಿಜಾಮನ ಕಾಲದಲ್ಲಿ ಲೆವಿ ಜೋಳ ಎತ್ತುವ ಸಿಪಾಯಿಗಳು ಊರೊಳಗೆ ಬಂದರೆ ಮೊದಲು ಕಿವಿಗೊಡುತ್ತಿದ್ದದ್ದು ಬೀಸುವ ಕಲ್ಲಿನ ಸಪ್ಪಳಕ್ಕೆ. ಯಾರ ಮನೆಯಲ್ಲಿ ಕಲ್ಲು ಗುಡುಗುತ್ತದೋ ಅವರ ಹಗೇವಿನಲ್ಲಿ ಕಾಳಿದೆ ಎಂದೇ ಅರ್ಥ. ಬರಮಪ್ಪ ಆರು ತಿಂಗಳು ಅನ್ನ ನೀರು ಮರೆತು, ಜೇನು ಗುಂಯ್‌ಗುಟ್ಟಿದಷ್ಟೇ ಸದ್ದು ಮಾಡುವ ಕಲ್ಲು ಕಟೆದ. ಆ ವರ್ಷ ಊರು ರೊಟ್ಟಿ ಮುರಿದು ತಿಂದದ್ದು ಅವನ ಉಳಿಯ ಪುಣ್ಯದಿಂದ ಎಂದು ಹಳಬರು ಹೇಳುತ್ತಿದ್ದರು.

ಬರಮಪ್ಪನ ಸೊಸೆ ಗ್ಯಾನವ್ವ. ಗಂಡ ಹಾಸಿಗೆ ಹಿಡಿದ ಮೇಲೆ ಉಳಿ ಸುತ್ತಿಗೆ ಸೆರಗಿಗೆ ಕಟ್ಟಿಕೊಂಡು, ಊರೂರು ತಿರುಗಿ, ಸವೆದು ನುಣುಪಾದ ಕಲ್ಲುಗಳನ್ನು ಮತ್ತೆ ಒರಟಾಗುವಂತೆ ಕಟೆದುಕೊಟ್ಟು ನಾಲ್ಕು ಮಕ್ಕಳನ್ನು ಸಾಕಿದವಳು. ಒಮ್ಮೆ ಒಬ್ಬ ಗೌಡ ಕೂಲಿಯ ಜೋಳವನ್ನು ಉಡಿಗೆ ಹಾಕದೆ ಅಂಗಳದ ಮಣ್ಣಿಗೆ ಚೆಲ್ಲಿದ. ಗ್ಯಾನವ್ವ ಬಗ್ಗಲಿಲ್ಲ. ಕಟೆದ ಕಲ್ಲಿನ ಮುಂದೆ ತಿರುಗಿ ಕುಳಿತು, ಮರಳು ನೀರು ಹಾಕಿ ತಿಕ್ಕಿ ತಿಕ್ಕಿ, ಹೊತ್ತು ಮುಳುಗುವುದರೊಳಗೆ ಅದನ್ನು ಮೊದಲಿನಂತೆ ನುಣ್ಣಗೆ ಮಾಡಿಟ್ಟು ಎದ್ದು ಬಂದಳು.

ಗ್ಯಾನವ್ವನ ಮಗ ಪಂಪಣ್ಣನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಆ ಸೀಮೆಯ ಅರ್ಧ ಶಂಕುಸ್ಥಾಪನೆ ಕಲ್ಲುಗಳ ಅಕ್ಷರ ಅವನ ಕೈಯವೇ. ಸಾಲಿ ಮಾಸ್ತರರು ಸೀಮೆಸುಣ್ಣದಲ್ಲಿ ಗೀಚಿಕೊಟ್ಟದ್ದರ ಮೇಲೆ ಉಳಿ ಓಡಿಸುತ್ತಿದ್ದ. ಬಂದುಹೋದ ಮಂತ್ರಿಗಳ ಹೆಸರನ್ನೆಲ್ಲ ಕೆತ್ತಿದ. ಒಂದು ಕೊಂಬು, ಒಂದು ಸೊನ್ನೆ ತಪ್ಪಿಸಿದವನಲ್ಲ. ಆತನ ಒಬ್ಬಳೇ ಮಗಳು ಹುಲಿಗವ್ವ.

ಇಂಥ ಮನೆತನದ ಹೆಣ್ಣು ಆರೇಳು ವರ್ಷ ಕಚೇರಿಯ ಪಾವಟಿಗೆ ಸವೆಸಿದಳು, ಹೆತ್ತ ಮಗಳಿಗೆ ತಾಯಿ ತಾನೇ ಎಂದು ಒಂದು ಕಾಗದದಲ್ಲಿ ಬರೆಸಿಕೊಳ್ಳಲಾಗದೆ.

ಹುಲಿಗವ್ವನನ್ನು ಊರಲ್ಲೇ ಇದ್ದ ಸೋದರಮಾವನ ಮಗ ಕಾಶಿನಾಥನಿಗೇ ಕೊಟ್ಟಿದ್ದರಿಂದ ಅವಳು ಊರು ಬಿಟ್ಟು ಹೋಗಲಿಲ್ಲ. ಮನೆಮನೆಯ ಬೀಸುವ ಕಲ್ಲುಗಳು ಆಗಲೇ ಹಿತ್ತಲು ಸೇರಿದ್ದವು. ಅವುಗಳ ಮೇಲೆ ಕೋಳಿ ಮಲಗುತ್ತಿದ್ದವು. ಆದರೆ ಹಿಟ್ಟಿನ ಗಿರಣಿಯ ಕಲ್ಲೂ ಸವೆಯುತ್ತದಲ್ಲ. ತಾವರಗೇರಾ ಸುತ್ತಿನ ಗಿರಣಿಗಳವರು 'ಹುಲಿಗವ್ವ ಕಟದ್ರ ಹಿಟ್ಟು ಸುಡೂದಿಲ್ಲ' ಎಂದು ಹೇಳಿಕಳಿಸುತ್ತಿದ್ದರು. ಉಳಿದ ದಿನ ಹೊಲದ ಕೂಲಿ. ಕಾಶಿನಾಥ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅಮಾವಾಸ್ಯೆಗೊಮ್ಮೆ ಊರಿಗೆ ಬರುವವನು.

ಅವಳ ಮೊದಲ ಕೂಸು ಗಂಡು. ಒಂಬತ್ತನೇ ದಿನಕ್ಕೆ ಹೋಯಿತು. ಎರಡನೆಯದು ಹೆಣ್ಣು; ತೊಟ್ಟಿಲ ಶಾಸ್ತ್ರಕ್ಕೆ ಕುದಿಸಿದ ಗುಗ್ಗರಿ ಹಳಸುವುದರೊಳಗೆ ಅದೂ ಹೋಯಿತು. ಮೂರನೆಯದಕ್ಕೆ ಬಸುರಾದಾಗ ಅತ್ತೆ ಉಡಚಮ್ಮ ಯಾರನ್ನೂ ಕೇಳಲಿಲ್ಲ. "ಇದನ್ನ ಮಾರಿಬಿಡೂನು" ಎಂದಳು.

ಮಾರುವುದೆಂದರೆ ಶಾಸ್ತ್ರಕ್ಕೆ ಮಾರುವುದು. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು, ಮಕ್ಕಳೆಲ್ಲ ಬದುಕಿರುವ ಹೆಂಗಸಿಗೆ ಸೇರು ತೌಡಿಗೆ ಕೊಟ್ಟುಬಿಡುತ್ತಾರೆ. ಕೂಸು ಹೆತ್ತವಳ ಮೊಲೆಯನ್ನೇ ಉಣ್ಣುತ್ತದೆ, ಹೆತ್ತವಳ ಮಗ್ಗುಲಲ್ಲೇ ಮಲಗುತ್ತದೆ. ಆದರೆ ಹನ್ನೆರಡು ತುಂಬಿ ತಿರುಗಿ ಕೊಂಡುಕೊಳ್ಳುವ ತನಕ ಹೆತ್ತವಳು 'ನನ್ನ ಕೂಸು' ಎಂದು ಬಾಯಿ ಬಿಡುವಂತಿಲ್ಲ. ಯಮ ಆ ಮನೆಯ ಲೆಕ್ಕ ಹಿಡಿದು ಬಂದರೆ ಅಲ್ಲಿ ಅವಳ ಮಕ್ಕಳೇ ಇರುವುದಿಲ್ಲ, ಬರಿಗೈಲಿ ಹೋಗುತ್ತಾನೆ.

ಮಗ್ಗುಲ ಮನೆಯ ಖೈರುನಬಿಗೆ ಐದು ಮಕ್ಕಳು, ಐದೂ ಗಟ್ಟಿಮುಟ್ಟು. ಗಂಡ ಚಾಂದಸಾಬ ಗಾದಿ ಹೊಲಿಯುವವನು. ಕೂಸು ಹುಟ್ಟಿದ್ದು ಮನೆಯಲ್ಲೇ. ನೂರಾಎಂಟರ ಗಾಡಿ ಬರುವುದರೊಳಗೆ ಹೊಕ್ಕುಳ ಬಳ್ಳಿ ಕತ್ತರಿಸಿಯಾಗಿತ್ತು. ಮೂರನೇ ದಿನ ಹೊಸ್ತಿಲ ಮೇಲೆ ವ್ಯಾಪಾರ ನಡೆಯಿತು.

"ಎಷ್ಟಕ್ಕ ಕೊಡ್ತೀಬೇ?" ಎಂದು ಖೈರುನಬಿ ಕೇಳಿದಳು.

"ನಾಕು ಸೇರು ತೌಡು" ಎಂದಳು ಉಡಚಮ್ಮ.

"ನಾಕು? ಈ ಕರೀ ಕೂಸಿಗೆ? ಮೂಗಿಲ್ಲ ಮಾರಿಯಿಲ್ಲ, ಸುಟ್ಟ ಬದನಿಕಾಯಿ ಆಗೇತಿ. ಒಂದ ಸೇರು. ಬೇಕಿದ್ರ ಕೊಡು, ಬ್ಯಾಡಾದ್ರ ತಿಪ್ಪಿಗೆ ಒಗಿ."

ಹಾಗೆ ಹಳಿಯಲೇಬೇಕು, ಚೆಂದ ಎಂದರೆ ಯಮನಿಗೂ ಆಸೆಯಾಗುತ್ತದೆ. ಒಳಗೆ ಬಾಣಂತಿ ಸೆರಗು ಬಾಯಿಗೊತ್ತಿಕೊಂಡಿದ್ದಳು, ನಗುವಿಗೋ ಅಳುವಿಗೋ ಅವಳಿಗೇ ತಿಳಿಯದು. ಖೈರುನಬಿ ತೌಡು ಅಳೆದು ಕೊಟ್ಟು, ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಇರಿಸಿ ಎತ್ತಿಕೊಂಡಳು. ತಿಪ್ಪವ್ವ ಎಂದು ಹೆಸರಾಯಿತು. "ನನಗ ಹೇಳದ ಕೇಳದ ಆರನೇದು ಬಂತಲ್ಲೋ ಮಾರಾಯಾ" ಎಂದು ಚಾಂದಸಾಬ ನಕ್ಕ.

ಅದೇ ವಾರ ಹೆರಿಗೆಯ ದಾಖಲೆ ಬರೆದುಕೊಳ್ಳಲು ನರ್ಸಬಾಯಿ ಬಂದಳು. ಊರಿಗೆ ಹೊಸಬಳು. ಕೂಸು ಆಗ ಖೈರುನಬಿಯ ಪಡಸಾಲೆಯಲ್ಲಿತ್ತು. ಹುಲಿಗವ್ವ ಕುಪ್ಪಸ ಹಾಲಿನಿಂದ ತೊಯ್ದವಳು ಕಂಬಕ್ಕೊರಗಿ ಕುಳಿತಿದ್ದಳು.

"ತಾಯಿ ಯಾರ್ರಿ?"

ಹುಲಿಗವ್ವ ನೆಲ ನೋಡಿದಳು. ಖೈರುನಬಿ, "ನಾನ. ಖೈರುನಬಿ. ಬರಕೋರಿ" ಎಂದಳು.

"ತಂದಿ?"

"ನನ್ನ ಮಗ ಕಾಶಿನಾಥ" ಎಂದಳು ಉಡಚಮ್ಮ, ಎದೆಯುಬ್ಬಿಸಿ. ಶಾಸ್ತ್ರದಲ್ಲಿ ಮಾರಿದ್ದು ತಾಯಿಯ ಮಡಿಲನ್ನು. ಮನೆತನದ ಹೆಸರನ್ನು ಮಾರಿರಲಿಲ್ಲ. ನರ್ಸಬಾಯಿ ಒಂದು ಸಲ ಇವರ ಮುಖ, ಒಂದು ಸಲ ಅವರ ಮುಖ ನೋಡಿ, ಊರ ಉಸಾಬರಿ ತನಗೇಕೆಂದು ಹೇಳಿದಂತೆ ಬರೆದುಕೊಂಡು ಹೋದಳು. ಯಮನಿಗೆ ಹಾಕಿದ ಗಂಟಿನಲ್ಲಿ ಸರಕಾರವೂ ಬಿಗಿದುಕೊಂಡದ್ದು ಅಂದು ಯಾರಿಗೂ ಹೊಳೆಯಲಿಲ್ಲ.

ತಿಪ್ಪವ್ವ ಬದುಕಿದಳು. ಆದರೆ ಒಂಬತ್ತು ತಿಂಗಳಾದರೂ ಕುತ್ತಿಗೆ ನಿಲ್ಲಲಿಲ್ಲ. ಎರಡು ವರ್ಷಕ್ಕೆ ಕೈಕಾಲು ಬಳ್ಳಿಯಂತೆ ಸೊಟ್ಟಗಾಗಿ ಬಿಗಿದುಕೊಂಡವು. ಕೊಪ್ಪಳದ ದೊಡ್ಡ ದವಾಖಾನೆಯ ಡಾಕ್ಟರರು ಪರೀಕ್ಷೆ ಮಾಡಿ, ಮೆದುಳಿಗೆ ಪೆಟ್ಟು ಬಿದ್ದಿದೆ, ನೂರಕ್ಕೆ ಎಂಬತ್ತು ಅಂಗವಿಕಲತೆ ಎಂದು ಬರೆದುಕೊಟ್ಟರು. ಜನನದ ಕಾಗದ ನೋಡಿ ಈ ಕಾಗದ, ಈ ಕಾಗದ ನೋಡಿ ಆಧಾರ, ಆಧಾರ ನೋಡಿ ಗುರುತಿನ ಚೀಟಿ. ಎಲ್ಲದರಲ್ಲೂ ತಾಯಿ ಖೈರುನಬಿ. ಒಂದು ಸುಳ್ಳಿಗೆ ಮರಿಯಾಗಿ, ಆ ಮರಿಗೆ ಮರಿಯಾಗಿ, ಕೊನೆಗೆ ಒಂದು ಹಿಂಡೇ ಆಯಿತು.

ಹುಡುಗಿಗೆ ಮಾತು ಬರಲಿಲ್ಲ, ಬುದ್ಧಿಗೇನೂ ಕಡಿಮೆಯಿರಲಿಲ್ಲ. ಅಜ್ಜಿ ಉಣಿಸಿದರೆ ತುಪ್ಪುವಳು, ಖೈರುನಬಿ ಉಣಿಸಿದರೆ ಎರಡು ತುತ್ತು ಹೆಚ್ಚಿಗೆ ನುಂಗುವಳು. ಅವ್ವ ಕಲ್ಲು ಕಟೆಯುವಾಗ ಉಳಿಯ ಸದ್ದು ನಿಂತರೆ ಸಾಕು, ಹೂಂ ಎಂದು ಸಿಟ್ಟು ಮಾಡುವಳು. ಹುಲಿಗವ್ವನಿಗೆ ಬೆವರೊರೆಸಲೂ ಬಿಡದ ಮೇಸ್ತ್ರಿ ಇವಳು ಎಂದು ಖೈರುನಬಿ ಚೇಷ್ಟೆ ಮಾಡುತ್ತಿದ್ದಳು.

ಐದು ತುಂಬಿದ ವರ್ಷ ಹುಲಿಗವ್ವ ಮೊದಲ ಸಲ ಪಗಾರದ ಅರ್ಜಿ ಹಿಡಿದು ಕಚೇರಿಗೆ ಹೋದಳು. ಅಂಗವಿಕಲರಿಗೆ ಸರಕಾರ ತಿಂಗಳು ತಿಂಗಳು ಕೊಡುವುದಕ್ಕೆ ಆ ಕಡೆ ಪಗಾರವೆಂದೇ ಹೆಸರು. ಅದು ಬಂದರೆ ವಾರಕ್ಕೆ ನಾಲ್ಕು ದಿನ ಕೂಲಿ ಬಿಟ್ಟು ಮಗಳ ಮಗ್ಗುಲಲ್ಲಿ ಇರಬಹುದು, ಕೈಕಾಲು ತೀಡಿಸಲು ಕೊಪ್ಪಳಕ್ಕೆ ಒಯ್ಯಬಹುದು. ಕೂಸು ಸೊಂಟದ ಮೇಲಿತ್ತು. ಕಿಂಡಿಯಾಚೆಯ ಗುಮಾಸ್ತ ಕಾಗದ ತಿರುವಿ ಹಾಕಿದ.

"ನೀ ಯಾರಬೇ ಈ ಹುಡಿಗಿಗೆ?"

ಹುಲಿಗವ್ವ ಕೂಸನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು. ಒಂದು ಮಾತು ಆಡಿದರೆ ಪಗಾರ. ಆಡಿದರೆ ಯಮನಿಗೆ ವಿಳಾಸ ಕೊಟ್ಟಂತೆ. ಹಿಂದಿನ ಎರಡು ಕೂಸುಗಳನ್ನು ಮಣ್ಣಿಗಿಟ್ಟ ಕೈ ಇನ್ನೂ ಮರೆತಿರಲಿಲ್ಲ.

"ಮಗ್ಗಲ ಮನಿಯಾಕಿ ರೀ" ಎಂದಳು.

"ಆಜೂಬಾಜೂದವ್ರಿಗೆಲ್ಲಾ ಪಗಾರ ಕೊಡ್ತಾ ಕುಂತ್ರ ಸರಕಾರ ಮುಳಗತೈತಿ. ಹೆತ್ತಾಕೀನ ಕರಕೊಂಡು ಬಾ." ಅರ್ಜಿಯ ಬೆನ್ನಿಗೆ 'ತಂದವರು: ನೆರೆಯವಳು' ಎಂದು ಬರೆದು ಅವಳ ಹೆಬ್ಬಟ್ಟು ಒತ್ತಿಸಿಕೊಂಡ.

ಮುಂದಿನ ಸಲ ಖೈರುನಬಿಯನ್ನೂ ಕಾಶಿನಾಥನನ್ನೂ ಕರೆದುಕೊಂಡು ಹೋದಳು. ಗುಮಾಸ್ತ ಸರತಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಓದಿದ. "ತಂದಿ ಕಾಶಿನಾಥ. ತಾಯಿ ಖೈರುನಬಿ. ಏನಪಾ, ಕಾಶಿಗೂ ಮಕ್ಕಾಕ್ಕೂ ಒಂದ ಟಿಕೀಟು ತಗದೀ ಏನ?"

ಸರತಿ ನಕ್ಕಿತು. ಕಾಶಿನಾಥ ಹೆಗಲ ಟವೆಲು ತೆಗೆದು ಕೈಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ಖೈರುನಬಿಯೇ ಮುಂದೆ ಬಂದಳು.

"ನಗೂದಿದ್ರ ನಕ್ಕು ಮುಗಿಸ್ರಿ ಸಾಹೇಬ್ರ. ಆಮ್ಯಾಲ ಕಾಗದಾ ನೋಡ್ರಿ. ಕೂಸಿಗೆ ಬಿಸಲು ಹತ್ತೇತಿ."

"ಲಗ್ನದ ದಾಖಲಿ ತಗೊಂಡು ಬಾ. ಅಂವಂದು ನಿಂದು."

"ನನ್ನ ಲಗ್ನ ಚಾಂದಸಾಬನ ಕೂಡ ಆಗೇತ್ರಿ."

"ಹಂಗಾದ್ರ ಇನ್ನೂ ಛಲೋ ಆತು" ಎಂದು ಅವನು ಕಾಗದ ಕೆಳಗಿಟ್ಟ.

ಬಸ್ಸಿನಲ್ಲಿ ಕಾಶಿನಾಥ ಟವೆಲಿನಿಂದ ಮುಖ ಮುಚ್ಚಿಕೊಂಡು ಕುಳಿತ. ಊರ ಅಗಸಿಯ ಹತ್ತಿರ ಬಂದಾಗ, "ಚೀಲಾ ಹೊತ್ತು ಸಾಕ್ತೀನಿ. ಆ ಕಿಂಡಿ ಮುಂದ ಇನ್ನ ನಿಂದರೂದಿಲ್ಲ" ಎಂದ. ಹೇಳಿದಂತೆಯೇ ಮಾಡಿದ, ಮತ್ತೆ ಆ ಕಡೆ ಮುಖ ಹಾಕಲಿಲ್ಲ.

ಆಮೇಲಿನ ವರ್ಷಗಳನ್ನು ಹೇಳಿ ಪ್ರಯೋಜನವಿಲ್ಲ. ಒಂದು ಸಲ ಸರ್ವರ್ ಇಲ್ಲ, ಒಂದು ಸಲ ಚುನಾವಣೆ, ಒಂದು ಸಲ ಸಾಹೇಬರ ವರ್ಗ, ನಡುವೆ ಕೊರೊನಾ. ಅರ್ಜಿ ಅಲ್ಲೇ ಇದೆ ಎನ್ನುವರು. ಎಲ್ಲಿ ಎಂದರೆ ಕಂಪ್ಯೂಟರಿನ ಕಡೆ ಕೈ ತೋರಿಸುವರು. ಹುಲಿಗವ್ವ ಕಂಪ್ಯೂಟರಿಗೂ ಕೈ ಮುಗಿದಳು. ಎತ್ತಿನ ಮುಂದೆ ಜೋಳದ ಕಣಿಕೆ ಹಿಡಿದು ಹೊಲದ ತುಂಬ ಓಡಾಡಿಸಿದ ಹಾಗೆ ಆಗಿತ್ತು ಅವಳ ಬಾಳು. ಕೂಸು ಮಾತ್ರ ಬೆಳೆಯುತ್ತಲೇ ಇತ್ತು. ಸೊಂಟದ ಮೇಲಿದ್ದದ್ದು ಬೆನ್ನ ಮೇಲೆ ಬಂತು. ಸರತಿಯಲ್ಲಿ ನಿಂತವರು ಮೊದಲು 'ಅಯ್ಯ ಪಾಪ' ಎನ್ನುತ್ತಿದ್ದರು. ಆಮೇಲಾಮೇಲೆ ಸರಿದು ನಿಲ್ಲುವುದನ್ನೂ ಬಿಟ್ಟರು.

ತಿಪ್ಪವ್ವನಿಗೆ ಹನ್ನೊಂದಾದಾಗ ಕಿಂಡಿಗೆ ಹೊಸ ಗುಮಾಸ್ತ ಬಂದ, ದುರಗೇಶನೆಂದು. ಹರೆಯದವನು, ಎದುರಿನವರ ಮುಖ ನೋಡಿ ಮಾತಾಡುವವನು. ಹಳೆಯ ಅರ್ಜಿಯನ್ನು ಅವನೇ ಹುಡುಕಿ ತೆಗೆದು, ಅವಳನ್ನು ಬೆಂಚಿನ ಮೇಲೆ ಕೂಡ್ರಿಸಿ ಕೇಳಿದ.

"ಅಕ್ಕಾ, ಖರೇ ಹೇಳು. ಈ ಕೂಸು ಯಾರದು?"

ಹುಲಿಗವ್ವ ಮಗಳ ಜೊಲ್ಲು ಒರೆಸಿದಳು.

"ನಿಂದ ಇದ್ರ ನಿಂದು ಅಂತ ಬರದು ಹೆಬ್ಬಟ್ಟು ಒತ್ತು. ಖೈರುನಬಿ ನಂದಲ್ಲಂತ ಬರದುಕೊಡ್ಲಿ. ಸಾಹೇಬ್ರು ಊರಿಗೆ ಬಂದು ನಾಕು ಮಂದೀನ ವಿಚಾರಿಸಿ ಪಂಚನಾಮಿ ಮಾಡ್ತಾರ. ಅದು ಸರಿ ಬಂದ್ರ ತಿದ್ದುಪಡಿ ಆಗತೈತಿ. ಮಾತು ಬಾಯಿಲೆ ಬರಲಾರದ ನಾ ಏನೂ ಮಾಡಾಕ ಆಗೂದಿಲ್ಲ."

ಹುಲಿಗವ್ವ ಎರಡು ವಾರ ದಿನ ಎಣಿಸಿದಳು. ಹನ್ನೆರಡು ತುಂಬಲು ಇನ್ನೂ ಹತ್ತು ತಿಂಗಳಿತ್ತು. ಉಡಚಮ್ಮನನ್ನು ಕೇಳಿದರೆ ಆಕೆ ಹೊಸ್ತಿಲಿಗೆ ಅಡ್ಡ ಮಲಗುವವಳು. ಹುಡುಗಿಗೆ ಬಂದ ಒಂದೊಂದು ಜ್ವರ ಇಳಿದಾಗಲೂ ಮುದುಕಿ, "ನೋಡಿದೇನ? ವಿಳಾಸ ಸಿಗಲಿಲ್ಲ ಅವಗ" ಎನ್ನುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ, ಅತ್ತೆ ಕಟ್ಟಿಗೆ ಆಯಲು ಹೋದಾಗ, ಹುಲಿಗವ್ವ ಎರಡು ಸೇರು ತೌಡು, ಒಂದು ಕುಪ್ಪಸದ ಖಣ ಸೆರಗಿನಲ್ಲಿ ಮುಚ್ಚಿಕೊಂಡು, ಮಗಳನ್ನು ಬೆನ್ನಿಗೆ ಹಾಕಿಕೊಂಡು ಖೈರುನಬಿಯ ಅಡಿಗೆಮನೆಗೆ ಹೋದಳು.

ಖೈರುನಬಿ ತೌಡು ನೋಡಿದಳು, ಎಲ್ಲ ತಿಳಿಯಿತು. "ಇನ್ನೂ ಹನ್ನೆರಡು ತುಂಬಿಲ್ಲಲ್ಲ ಹುಲಿಗಿ."

"ತುಂಬೂತನ ಕುಂತ್ರ ನನ್ನ ಬೆನ್ನು ಉಳಿಯೂದಿಲ್ಲಕ್ಕ."

"ಮುದಿಕಿಗೆ ಹೇಳಿಯೇನ?"

"ಇಲ್ಲ. ನೀನೂ ಹೇಳಬ್ಯಾಡ. ಊರಾಗ ಯಾರಿಗೂ ಬ್ಯಾಡ."

ಖೈರುನಬಿ ಸೇರಿನಿಂದ ಅಳೆದು ನೋಡಿದಳು, ಶಾಸ್ತ್ರ ತಪ್ಪಬಾರದಲ್ಲ. "ಹನ್ನೊಂದು ವರ್ಷ ಸಾಕಿ ಎರಡ ಸೇರೇನ? ಭಾಳ ಲುಕ್ಸಾನ ಆತು ನನಗ" ಎಂದಳು. ಆಮೇಲೆ ಒಲೆಯ ಕಡೆ ತಿರುಗಿ, ಉರಿಯುತ್ತಿದ್ದ ಬೆಂಕಿಯನ್ನೇ ಬಹಳ ಹೊತ್ತು ಊದಿದಳು.

ಹುಲಿಗವ್ವ ಮಗಳ ಕಿವಿಗೆ ಬಾಯಿಟ್ಟು, "ನಾ ನಿಮ್ಮವ್ವ" ಎಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ತಿಪ್ಪವ್ವ ಬಾಗಿಲಲ್ಲಿ ತೌಡು ಹೆಕ್ಕಲು ಬಂದ ಕೋಳಿಯನ್ನು ನೋಡಿ ಕೇಕೆ ಹಾಕುತ್ತಿದ್ದಳು. ಅವ್ವನ ಮಾತು ಅವಳಿಗೆ ಹೊಸ ಸುದ್ದಿಯೇ ಆಗಿರಲಿಲ್ಲ.

ಮೂರನೇ ದಿನಕ್ಕೆ ಹುಡುಗಿಗೆ ಜ್ವರ ಬಂತು. ಕೆಂಡದಂಥ ಜ್ವರ. ಹುಲಿಗವ್ವ ಅತ್ತೆಯ ಕಣ್ಣಿಗೆ ಕಣ್ಣು ಕೊಡದೆ ಐದು ದಿನ ತಣ್ಣೀರು ಪಟ್ಟಿ ಹಾಕಿದಳು. ಬಾಯಿ ಬಿಟ್ಟು ತಾನೇ ಕೊಂದೆನೆಂದು ಅವಳ ಕರುಳು ಹೇಳುತ್ತಿತ್ತು. ಆರನೇ ದಿನ ಮೈ ತಣ್ಣಗಾಯಿತು. ಏಳನೇ ದಿನ ಅವಳು ಕಚೇರಿಗೆ ಹೋಗಿ, ದುರಗೇಶನ ಮೇಜಿನ ಮುಂದೆ ನಿಂತು, ಯಾರೂ ಕೇಳುವ ಮೊದಲೇ, "ಕೂಸು ನಂದು. ನಾ ಹಡದೀನಿ. ಬರಕೋ" ಎಂದು ಹೆಬ್ಬಟ್ಟು ಒತ್ತಿದಳು. ಖೈರುನಬಿಯೂ ಛಾಪಾ ಕಾಗದದ ಮೇಲೆ ಬರೆಸಿಕೊಟ್ಟಳು.

"ಇನ್ನ ಪಂಚನಾಮಿ ಒಂದ ಉಳೀತು" ಎಂದ ದುರಗೇಶ. "ಅಷ್ಟರಾಗ ಬ್ಯಾಂಕಿನ್ಯಾಗ ಕೂಸಿನ ಹೆಸರಿಲೆ ಒಂದು ಖಾತೆ ತಗಿಸಿಡು."

ಹಾಗೆಂದೇ ಒಂದು ಸೋಮವಾರ ಹುಲಿಗವ್ವ ಮಗಳನ್ನು ಹೊತ್ತು ತಾವರಗೇರಾದ ಬ್ಯಾಂಕಿಗೆ ಹೋದಳು. ಸಾಕ್ಷಿಗೆಂದು ಖೈರುನಬಿಯೂ ಜೊತೆಗೆ. ಮಗಳನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂಡ್ರಿಸಿ ಇಬ್ಬರೂ ಎರಡು ಕಡೆ ಹಿಡಿದು ನಿಂತಿದ್ದ ಆ ಹೊತ್ತಿಗೇ ಬೋಳಗುಡ್ಡಕ್ಕೆ ಮೋಟಾರ್ ಸೈಕಲ್ ಮೇಲೆ ಕಚೇರಿಯ ಸಾಹೇಬ ಬಂದ. ಮುಂಚಿತವಾಗಿ ತಿಳಿಸಬಾರದೆಂಬುದು ಅವರ ನೇಮ; ತಿಳಿಸಿದರೆ ಜನ ಹೇಳಿಕೊಟ್ಟದ್ದನ್ನು ಹೇಳುತ್ತಾರಂತೆ.

ಹನುಮಪ್ಪನ ಕಟ್ಟೆಯ ಮೇಲೆ ಹಿರಿಯ ಗಿಡ್ಡಪ್ಪ ಮತ್ತೆ ನಾಲ್ಕಾರು ಮಂದಿ ಕುಳಿತಿದ್ದರು. ಸಾಹೇಬ ಮೊಬೈಲು ಹಿಡಿದು ಕೇಳಿದ.

"ತಿಪ್ಪವ್ವ ಅನ್ನೂ ಅಂಗವಿಕಲ ಹುಡಿಗಿ ಯಾರ ಮಗಳ್ರಿ?"

ಹನ್ನೆರಡು ತುಂಬುವ ತನಕ ಗುಟ್ಟು ಕಾಯುವುದು ಆ ಮನೆಯದಷ್ಟೇ ಕೆಲಸವಲ್ಲ, ಊರಿನದು. ಹುಲಿಗವ್ವ ಗುಟ್ಟಾಗಿ ಕೂಸನ್ನು ಬಿಡಿಸಿಕೊಂಡದ್ದು ಕಟ್ಟೆಗೆ ಗೊತ್ತಿರಲಿಲ್ಲ. ಗಿಡ್ಡಪ್ಪ ಎಲೆಯಡಿಕೆ ಉಗುಳಿ ಬಂದು ಹೇಳಿದ.

"ಖೈರುನಬಿ ಮಗಳ್ರಿ ಆಕಿ."

"ಹುಲಿಗವ್ವ ತನ್ನ ಮಗಳು ಅಂತಾಳಲ್ಲ?"

"ಆಡಿಸಿದ ಕೈ ನೋಡ್ರಿ ಅದು, ಮಾಯೆಗೆ ಅಂತಾಳ. ನಮ್ಮೂರಾಗ ಹಾಲ ಕುಡ್ಯೂ ಹುಡುಗರನ ಕೇಳಿದ್ರೂ ಖೈರುನಬಿ ಮಗಳಂತನ ಹೇಳ್ತಾವ."

ಉಳಿದವರು ಹೌದೆಂದು ಗೋಣು ಹಾಕಿದರು. ಒಬ್ಬನಾದರೂ ತೊದಲಲಿಲ್ಲ. ಹನ್ನೊಂದು ವರ್ಷ ಪಳಗಿದ ಸುಳ್ಳು. ಪ್ರೀತಿಯಿಂದ ಕಾಯ್ದ ಸುಳ್ಳು. ಸಾಹೇಬ ಮನೆಗೂ ಹೋದ. ಉಡಚಮ್ಮ ಮೊರದಲ್ಲಿ ಜೋಳ ಕೇರುತ್ತಿದ್ದಳು.

"ನಿಮ್ಮ ಸೊಸಿಗೆ ಎಷ್ಟು ಮಕ್ಕಳಬೇ? ತಿಪ್ಪವ್ವ ಆಕೀ ಮಗಳೇನ?"

"ಎಲ್ಲೀ ಮಕ್ಕಳೋ ಯಪ್ಪಾ" ಎಂದಳು ಮುದುಕಿ, ಮೊರದಿಂದ ಕಣ್ಣೆತ್ತದೆ. "ಬಂಜಿ ಅದಾಳ. ನಮ್ಮ ಹಣೇಬಾರ."

ಸಾಹೇಬ ಏಳು ಮಂದಿಯ ಸಹಿ, ಹೆಬ್ಬಟ್ಟು ತೆಗೆದುಕೊಂಡು ಹೋದ. ಸಂಜೆ ಹುಲಿಗವ್ವ ಹೊಸ ಪಾಸ್‌ಬುಕ್ಕು ಮಗಳ ಕೈಗೆ ಕೊಟ್ಟು ಆಟ ಆಡಿಸುತ್ತ ಊರಿಗೆ ಬಂದಳು. ಯಾರೂ ಏನೂ ಹೇಳಲಿಲ್ಲ. ಹೇಳುವಂಥದೇನೂ ನಡೆದಿಲ್ಲವೆಂದೇ ಎಲ್ಲರೂ ತಿಳಿದಿದ್ದರು.

ತಿಂಗಳ ಮೇಲೆ ದುರಗೇಶ ಕರೆಸಿ ಆದೇಶ ಓದಿ ಹೇಳಿದ. "ಸ್ಥಳ ವಿಚಾರಣೆಯಿಂದ ತಿಳಿದುಬಂದಂತೆ ಅರ್ಜಿದಾರಳಿಗೆ ಮಕ್ಕಳಿರುವುದಿಲ್ಲ. ಆಕೆ ಈ ಹಿಂದೆ ತಾನು ನೆರೆಯವಳೆಂದು ಹೆಬ್ಬೆಟ್ಟು ಒತ್ತಿರುತ್ತಾಳೆ. ಅರ್ಜಿಯನ್ನು ತಿರಸ್ಕರಿಸಲಾಗಿದೆ." ಕೊನೆಯ ಮಾತಿಗೆ ಅವನ ದನಿ ಇಳಿಯಿತು. ಯಾರು ಯಾರು ಹಾಗೆ ಹೇಳಿದರೆಂದು ಅವಳು ಕೇಳಿದಳು. ಅವನು ಹೆಸರು ಓದಿದ. ಕೊನೆಯದು ಉಡಚಮ್ಮನದು.

ಅಂದು ಅವಳು ಮನೆಗೆ ಬಂದು ಮಗಳನ್ನು ಇಳಿಸಿ, ನೀರು ಕುಡಿದು, ಅತ್ತೆಯ ಮುಂದೆ ಕುಳಿತಳು. ಕೂಗಲಿಲ್ಲ.

"ಅತ್ತಿ, ನನ್ನ ಬಂಜಿ ಅಂತ ಬರಸೀ ಏನ?"

"ಹೂಂ ಅಂದೆ. ಇನ್ನೇನನ್ನಲಿ?"

"ಅಂವಾ ಸರಕಾರದ ಮನಷ್ಯಾ. ಪಗಾರ ಕೊಡಾಕ ಬಂದಿದ್ದ."

"ನನಗೇನ ಗೊತ್ತು? ಹ್ಯಾಟು ಹಾಕ್ಕೊಂಡು, ಮಾರಿ ಕಾಣಲಾರದಂಗ ಕರೀ ಕನ್ನಡಕ ಹಾಕ್ಕೊಂಡು, ಹೆಸರು ಹಿಡದು ಕೂಸಿನ್ನ ಕೇಳ್ತಾನ. ಯಮ ಕ್ವಾಣದ ಮ್ಯಾಲನ ಬರಬೇಕಂತ ಎಲ್ಲೆರ ಐತೇನು? ಮೋಟಾರ್ ಸೈಕಲ್ ಮ್ಯಾಲ ಬರೂದಿಲ್ಲಂತ ಯಾರ ಹೇಳ್ಯಾರ?"

"ನಾ ಬಿಡಿಸಿಕೊಂಡೀನಿ ಕೂಸಿನ್ನ. ಎರಡು ತಿಂಗಳಾತು."

ಮುದುಕಿಯ ಕೈಯಲ್ಲಿದ್ದ ಮೊರ ನಿಂತಿತು. ಎದ್ದು ಹೋಗಿ ಮಲಗಿದ್ದ ಮೊಮ್ಮಗಳ ಎದೆಯ ಮೇಲೆ ಅಂಗೈಯಿಟ್ಟು ಉಸಿರು ನೋಡಿದಳು. ಕೈ ತೆಗೆಯದೆಯೇ, "ನನಗೊಂದು ಮಾತು ಹೇಳಿದ್ರ ಏನಾಗತಿತ್ತು" ಎಂದಳು. ಯಾರ ತಪ್ಪೆಂದು ಹಿಡಿದು ಬಡಿಯಲು ಒಬ್ಬರೂ ಸಿಗದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು. ಒಳಗೇ ಕುದ್ದು ಒಳಗೇ ಬತ್ತಬೇಕು. ಗಿಡ್ಡಪ್ಪ ಕಟ್ಟೆಯಿಂದಿಳಿದು ಬಂದು, "ಮತ್ತ ಬರಲಿ ಅಂವಾ, ಖರೇ ಹೇಳ್ತೀವಿ" ಎಂದ. ಸಾಹೇಬ ಮತ್ತೆ ಬರಲಿಲ್ಲ. ಒಮ್ಮೆ ಬರೆದದ್ದರ ಮೇಲೆ ಇನ್ನೊಮ್ಮೆ ಬರೆಯಲು ಕೋರ್ಟು ಹೇಳಬೇಕಂತೆ.

ಮಳೆಗಾಲ ಕಳೆದ ಮೇಲೆ ದುರಗೇಶ ಮತ್ತೆ ಹೇಳಿಕಳಿಸಿದ, ಇಬ್ಬರು ಹೆಂಗಸರೂ ಬರಬೇಕೆಂದು. ಹೋದರು. ಮಧ್ಯಾಹ್ನದ ಊಟದ ಹೊತ್ತು, ಕಚೇರಿ ಖಾಲಿಯಿತ್ತು. ಅವನು ತನ್ನ ಬುತ್ತಿ ಬದಿಗಿಟ್ಟು, ಅಂದವಾಗಿ ತುಂಬಿದ ಒಂದು ಅರ್ಜಿಯನ್ನು ಮೇಜಿನ ಮೇಲೆ ಹರಡಿದ.

"ಹುಲಿಗವ್ವಕ್ಕ, ಸಮಾಧಾನದಿಂದ ಕೇಳು. ಕೋರ್ಟು ಅಂದ್ರ ಎರಡು ವರ್ಷ, ಮೂರು ವರ್ಷ. ಎಲ್ಲಾ ದಾಖಲಿ ಖೈರುನಬಿ ಹೆಸರಿಲೆ ಅದಾವ, ಪಂಚನಾಮಿನೂ ಹಂಗ ಐತಿ. ಆಕಿ ಬರದುಕೊಟ್ಟ ಛಾಪಾ ಕಾಗದಾ ತಿರಸ್ಕಾರ ಆದ ಅರ್ಜಿ ಕೂಡ ಹೋತು. ಈ ಹೊಸಾದು ಆಕಿ ಹೆಸರಿಲೆ ನಾನ ತುಂಬೀನಿ, ಲಗ್ನದ ದಾಖಲಿ ಕೇಳೂದಿಲ್ಲ. ಆಕಿ ಹೆಬ್ಬಟ್ಟು, ನೀ ಸಾಕ್ಷಿ. ಮುಂದಿನ ತಿಂಗಳದಿಂದ ಪಗಾರ ಜಮಾ. ಗಾಲಿ ಕುರ್ಚಿನೂ ಬರತೈತಿ. ಬಂದದ್ದು ಆಕಿ ನಿನ್ನ ಕೈಯಾಗ ಕೊಡ್ತಾಳ. ನನ್ನ ನೌಕರಿಗೆ ಕುತ್ತು ಬಂದ್ರೂ ಬರ್ಲಿ."

ಖೈರುನಬಿ ಹೆಬ್ಬೆರಳಿಗೆ ಆಗಲೇ ಮಸಿ ಹಚ್ಚಿಕೊಂಡಿದ್ದಳು. "ಒತ್ತತೀನಿ ಹುಲಿಗಿ. ನಿನ್ನ ಬೆನ್ನು ನೋಡಾಕ ಆಗವಲ್ದು ನನಗ. ಎಂಟಾಣೆ ಮುಟ್ಟೂದಿಲ್ಲ, ಅಲ್ಲಾನ ಆಣಿ."

ತಿಪ್ಪವ್ವ ಬೆಂಚಿನ ಮೇಲೆ ಅವ್ವನಿಗೊರಗಿ, ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದಳು. ಹುಲಿಗವ್ವ ಅರ್ಜಿಯನ್ನು ಓದಬಲ್ಲವಳಂತೆ ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಖೈರುನಬಿಯ ಕೈ ಎಳೆದುಕೊಂಡು ಹೆಬ್ಬೆರಳಿನ ಮಸಿಯನ್ನು ತನ್ನ ಸೆರಗಿಗೆ ಒರೆಸಿದಳು.

"ನಿನ್ನ ಮ್ಯಾಲ ಸಂಶೆ ಇಲ್ಲಕ್ಕ, ಸುಮ್ಮನ ಕುಂದರು. ದುರಗೇಶಪ್ಪ, ನೀ ಛಲೋ ಮನಷ್ಯಾ, ನಿನ್ನ ಮ್ಯಾಲೂ ಸಿಟ್ಟಿಲ್ಲ. ಆದ್ರ ಈ ಕಾಗದಾ ಹೋತಂದ್ರ ನಾ ಖರೇನ ಬಂಜಿ ಆಗ್ತೀನಿ. ನಾಳಿ ಈಕಿಗೆ ಏನರ ಆದ್ರ ದವಾಖಾನ್ಯಾಗ ನನ್ನ ಹೊರಗ ನಿಂದರಸ್ತಾರ, 'ನೀ ಯಾರಬೇ' ಅಂತಾರ. ಮೂರು ಹಡದೀನಿ, ಎರಡು ಹುಗದೀನಿ, ಒಂದ ಹೊತಗೊಂಡು ತಿರಗಾಕತ್ತೀನಿ. ಅಂಜಿ ಬಾಯಿ ಮುಚ್ಚಿದ್ದು ನನ್ನ ತಪ್ಪು. ಅದರ ದಂಡಾ ನಾ ಕಟ್ತೀನಿ. ಕೋರ್ಟು ಎಲ್ಲೈತಿ ಅದನ್ನ ತೋರಸು, ಸಾಕು. ಅಲ್ಲೀತನ ನನ್ನ ಕೈಯಾಗ ಉಳಿ ಐತಿ. ನಿಮ್ಮ ಪಗಾರ ಬ್ಯಾಡ, ಕುರ್ಚಿ ಬ್ಯಾಡ. ಬರಿಯೂದಿದ್ರ ಇಷ್ಟ ಬರಕೋ ನಿನ್ನ ಪುಸ್ತಕದಾಗ: ತಾಯಿ ಬಂದಿದ್ಲು, ಬ್ಯಾಡಂದು ಹೋದ್ಲು."